ದೊಡ್ಡ ಕ್ಯಾಡ್ ಅಸೆಂಬ್ಲಿ ಹಗುರ ಮಾಡುವಾಗ ಕ್ರ್ಯಾಶ್: ರ‍್ಯಾಮ್ ಹಾಕಿಸಿದರೆ ಸರಿಹೋಗುತ್ತದೆಯೇ?

ರಾತ್ರಿ ಹನ್ನೊಂದೂವರೆಗೆ ಚಿಕ್ಕಮ್ಮನ ಮಗನಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ಫಾರ್ವರ್ಡ್ ಬಂತು. ಅದರ ಕೆಳಗೆ ಅವನದೇ ಒಂದು ಸಾಲು: "ಅಕ್ಕಾ, ಇದು ನಿಜಾನಾ ನೋಡು. ನಾಡಿದ್ದು ಫೈಲ್ ಕೊಡ್ಬೇಕು."

ಅವನು ಜೆಪಿ ನಗರದ ಒಂದು ಸಣ್ಣ ಡಿಸೈನ್ ಆಫೀಸಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಬಾಟಲಿ ಸಾಗಿಸುವ ಕನ್ವೇಯರ್ ಒಂದರ ತ್ರೀಡಿ ಮಾಡೆಲ್ ಸಿದ್ಧಪಡಿಸಿದ್ದ. ಅದರಲ್ಲಿ ಸುಮಾರು 4,000 ಬಿಡಿಭಾಗಗಳು. ಗ್ರಾಹಕರು "ಪೂರ್ತಿ ಮಾಡೆಲ್ ಬೇಡ, ಹಗುರ ಮಾಡಿ ಕಳಿಸಿ" ಎಂದಿದ್ದರು. ಹಗುರ ಮಾಡುವ ಬಟನ್ ಒತ್ತಿದರೆ ಸಾಫ್ಟ್‌ವೇರ್ ಒಂದಷ್ಟು ಹೊತ್ತು ಓಡಿ, ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮುಚ್ಚಿಹೋಗುತ್ತಿತ್ತು. ಅಷ್ಟರಲ್ಲಾಗಲೇ ಅವನು ಎಸ್‌ಪಿ ರೋಡ್‌ಗೆ ಹೋಗಿ, ಕೈಯಿಂದ ದುಡ್ಡು ಹಾಕಿ, 16 ಜಿಬಿ ಇದ್ದ ರ‍್ಯಾಮನ್ನು 32 ಜಿಬಿ ಮಾಡಿಸಿಕೊಂಡು ಬಂದಿದ್ದ. ಆದರೂ ಕ್ರ್ಯಾಶ್ ನಿಂತಿರಲಿಲ್ಲ.

ಫಾರ್ವರ್ಡ್‌ನಲ್ಲಿ ಇದ್ದದ್ದು ಇಷ್ಟು: ಕ್ಯಾಡ್ ಕ್ರ್ಯಾಶ್ ಆಗುತ್ತಿದ್ದರೆ ರ‍್ಯಾಮ್ ಹೆಚ್ಚಿಸಿ. ಪೇಜ್ ಫೈಲ್ ಆಫ್ ಮಾಡಿ. ಟೆಂಪ್ ಫೈಲ್ ಅಳಿಸಿ. ಆಂಟಿವೈರಸ್ ತೆಗೆದು, ಈ ಲಿಂಕ್‌ನಲ್ಲಿರುವ ಡಿಎಲ್‌ಎಲ್ ಫೈಲ್ ಪೇಸ್ಟ್ ಮಾಡಿ. ನೂರಕ್ಕೆ ನೂರು ಗ್ಯಾರಂಟಿ, ಎಲ್ಲ ಎಂಜಿನಿಯರ್ ಗ್ರೂಪ್‌ಗಳಿಗೂ ಕಳಿಸಿ.

ಚುಟುಕಾಗಿ ಹೇಳುವುದಾದರೆ: ಈ ಸಂದೇಶದಲ್ಲಿ ಒಂದು ಮಾತು ಅರ್ಧ ಸತ್ಯ, ಒಂದು ಅಲ್ಪಸ್ವಲ್ಪ ಉಪಯುಕ್ತ, ಒಂದು ತಿರುಗುಬಾಣ, ಕೊನೆಯದು ನೇರವಾಗಿ ಅಪಾಯಕಾರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಮೊದಲು ಜ್ವರ ಯಾರಿಗೆ ಬಂದಿದೆ ಎಂದು ನೋಡಬೇಕು. ಅದನ್ನು ನೋಡುವುದು ಹೇಗೆ ಎಂಬುದೇ ಈ ಲೇಖನ.

ಹಗುರ ಮಾಡುವುದು ಎಂದರೇನು?

ವಿಟಿಯು ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಮೊದಲ ವರ್ಷದ ಕಂಪ್ಯೂಟರ್ ಡ್ರಾಯಿಂಗ್ ಲ್ಯಾಬ್ ನೆನಪಿರುತ್ತದೆ. ಅಲ್ಲಿ ಬಿಡಿಸಿದ್ದು ಒಂದೋ ಎರಡೋ ಆಕೃತಿ. ನಿಜವಾದ ಯಂತ್ರದಲ್ಲಿ ಸಾವಿರಾರು ಭಾಗಗಳಿರುತ್ತವೆ. ಅವನ್ನೆಲ್ಲ ಜೋಡಿಸಿಟ್ಟ ಕಂಪ್ಯೂಟರ್ ಮಾದರಿಯೇ ಅಸೆಂಬ್ಲಿ.

2025ರ ಆಗಸ್ಟ್ 10ರಂದು ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ ನಮ್ಮ ಮೆಟ್ರೊದ ಹಳದಿ ಮಾರ್ಗ ಆರಂಭವಾಯಿತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವಾಗ ಕಾಣುವ ಡಬಲ್ ಡೆಕ್ಕರ್ ಮೇಲ್ಸೇತುವೆಯನ್ನು ನೆನಪಿಸಿಕೊಳ್ಳಿ. ಕೆಳಗಿನ ರಸ್ತೆಯಲ್ಲಿ ನಿಂತು ನೋಡಿದರೆ ಕಂಬ, ತೊಲೆ, ಮೇಲೊಂದು ರಸ್ತೆ, ಅದರ ಮೇಲೆ ರೈಲು ಕಾಣುತ್ತವೆ. ಒಳಗಿನ ಕಬ್ಬಿಣದ ಸರಳು ಕಾಣುವುದಿಲ್ಲ. ಪಕ್ಕದ ಕಟ್ಟಡಕ್ಕೂ ಸೇತುವೆಗೂ ಎಷ್ಟು ಜಾಗವಿದೆ ಎಂದು ಲೆಕ್ಕ ಹಾಕುವವರಿಗೆ ಆ ಸರಳಿನ ವಿವರ ಬೇಕಾಗಿಯೂ ಇಲ್ಲ. ಹೊರ ಆಕಾರ, ಅಳತೆ, ತೂಕ ಸಿಕ್ಕರೆ ಸಾಕು.

ಹಗುರ ಮಾಡುವುದೆಂದರೆ ಇದೇ. ಒಳಗಿನ ಗೇರು, ಬೇರಿಂಗ್, ಸ್ಕ್ರೂಗಳನ್ನು ತೆಗೆದು, ಹೊರಗಿನಿಂದ ಕಾಣುವ ಮೇಲ್ಮೈಯನ್ನು ಮಾತ್ರ ಉಳಿಸಿಕೊಳ್ಳುವುದು. ಇದರಿಂದ ಎರಡು ಲಾಭ. ಫೈಲ್ ಚಿಕ್ಕದಾಗುತ್ತದೆ. ಜೊತೆಗೆ ಯಂತ್ರದ ಒಳಗುಟ್ಟು ಹೊರಗೆ ಹೋಗುವುದಿಲ್ಲ. ಜಿಗಣಿ, ಬೊಮ್ಮಸಂದ್ರ, ಪೀಣ್ಯದ ಸಣ್ಣ ಘಟಕಗಳಿಗೆ ಎರಡನೆಯದೂ ಮುಖ್ಯವೇ. ಸಾಲಿಡ್‌ವರ್ಕ್ಸ್‌ನಲ್ಲಿ ಇದಕ್ಕೆ ಡಿಫೀಚರ್, ಸ್ಪೀಡ್‌ಪ್ಯಾಕ್ ಎಂಬ ಸಾಧನಗಳಿವೆ. ಇನ್ವೆಂಟರ್‌ನಲ್ಲಿ ಸಿಂಪ್ಲಿಫೈ, ಕ್ರಿಯೋದಲ್ಲಿ ಶ್ರಿಂಕ್‌ರ‍್ಯಾಪ್ ಇದೆ. ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ.

ಇದು ಸೋಮಾರಿಗಳ ಅಡ್ಡದಾರಿಯೂ ಅಲ್ಲ. 1994ರಲ್ಲಿ ಮೊದಲ ಹಾರಾಟ ನಡೆಸಿದ ಬೋಯಿಂಗ್ 777 ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ವಿಮಾನ. ಅದರಲ್ಲಿ ಸುಮಾರು 30 ಲಕ್ಷ ಭಾಗಗಳು. ಅಂದಿನ ಕಂಪ್ಯೂಟರುಗಳಲ್ಲಿ ಅಷ್ಟನ್ನೂ ಪೂರ್ಣ ವಿವರದೊಂದಿಗೆ ತೆರೆಯುವುದು ಸಾಧ್ಯವಿರಲಿಲ್ಲ. ಹಾಗಾಗಿ ಬೋಯಿಂಗ್, ಮಾಡೆಲ್‌ಗಳ ಹಗುರ ರೂಪವನ್ನು ಮಾತ್ರ ತೋರಿಸುವ ಫ್ಲೈಥ್ರೂ ಎಂಬ ತನ್ನದೇ ತಂತ್ರಾಂಶವನ್ನು ಬಳಸಿತು.

ಹಗುರ ಮಾಡುವಾಗಲೇ ಏಕೆ ಕ್ರ್ಯಾಶ್?

"ದಿನವೂ ತೆರೆಯುವ ಫೈಲ್, ದಿನವೂ ಕೆಲಸ ಮಾಡುತ್ತದೆ. ಕಡಿಮೆ ಮಾಡು ಅಂದಾಗ ಮಾತ್ರ ಸಾಯುತ್ತದೆ" ಎಂಬುದು ಬಹಳ ಜನರ ದೂರು. ಇದರಲ್ಲಿ ವಿಚಿತ್ರವೇನಿಲ್ಲ.

ಮನೆ ಖಾಲಿ ಮಾಡಿದ ಅನುಭವ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಟ್ಟದ ಮೇಲೆ ಹತ್ತು ವರ್ಷದಿಂದ ಬಿದ್ದಿರುವ ಸಾಮಾನು ದಿನನಿತ್ಯ ಯಾರಿಗೂ ತೊಂದರೆ ಕೊಡುವುದಿಲ್ಲ. ಬೇಡವಾದದ್ದನ್ನು ಎಸೆಯೋಣ ಎಂದು ಹೊರಟ ದಿನ ಎಲ್ಲವೂ ಕೆಳಗಿಳಿದು ಹಜಾರ ತುಂಬಿಕೊಳ್ಳುತ್ತದೆ. ಹಗುರ ಮಾಡಬೇಕಾದರೆ ಮೊದಲು ಪೂರ್ತಿ ಭಾರ ಇಳಿಸಲೇಬೇಕು.

ಕ್ಯಾಡ್ ಕೂಡ ಹಾಗೆಯೇ. ಮಾಮೂಲಾಗಿ ದೊಡ್ಡ ಅಸೆಂಬ್ಲಿ ತೆರೆದಾಗ ಸಾಫ್ಟ್‌ವೇರ್ ಬುದ್ಧಿವಂತಿಕೆಯಿಂದ ಹಲವು ಭಾಗಗಳ ಮೇಲ್ನೋಟವನ್ನಷ್ಟೇ ತೋರಿಸುತ್ತದೆ, ಒಳಗಿನ ಗಣಿತವನ್ನು ಮುಟ್ಟುವುದಿಲ್ಲ. ಹಗುರ ಮಾಡು ಎಂದ ಕೂಡಲೇ ಅದು ಪ್ರತಿ ಭಾಗದ ಪೂರ್ಣ ಗಣಿತವನ್ನು ಮೆಮೊರಿಗೆ ತರುತ್ತದೆ. ಯಾವ ಮೇಲ್ಮೈ ಹೊರಗಿನಿಂದ ಕಾಣುತ್ತದೆ ಎಂದು ಹಲವು ದಿಕ್ಕಿನಿಂದ ಪರೀಕ್ಷಿಸುತ್ತದೆ. ಕಾಣದವನ್ನು ಕತ್ತರಿಸಿ, ಉಳಿದ ತೂತುಗಳಿಗೆ ತೇಪೆ ಹಾಕುತ್ತದೆ. ಕೊನೆಗೆ, ನೀವು ಹಾಗೆ ಆರಿಸಿದ್ದರೆ, ಎಲ್ಲವನ್ನೂ ಬೆಸೆದು ಒಂದೇ ಘನವಸ್ತು ಮಾಡುತ್ತದೆ.

ಹೆಚ್ಚಿನ ತೊಂದರೆ ಇರುವುದು ಈ ತೇಪೆ ಮತ್ತು ಬೆಸುಗೆಯಲ್ಲಿ. ಸಾಲಿಡ್‌ವರ್ಕ್ಸ್, ಎನ್‌ಎಕ್ಸ್, ಸಾಲಿಡ್ ಎಡ್ಜ್ ಮೂರಕ್ಕೂ ಆಧಾರವಾಗಿರುವ ಜ್ಯಾಮಿತಿ ಎಂಜಿನ್ನಿನ ಹೆಸರು ಪ್ಯಾರಾಸಾಲಿಡ್. ಅದರ ನಿಖರತೆ 10 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಒಂದು ಲಕ್ಷದಲ್ಲಿ ಒಂದು ಭಾಗ. ಬೇರೆ ಸಾಫ್ಟ್‌ವೇರಿನಲ್ಲಿ ತಯಾರಾಗಿ ಬಂದ ಫೈಲಿನಲ್ಲಿ ಎರಡು ಮೇಲ್ಮೈಗಳ ಅಂಚುಗಳ ನಡುವೆ ಇದಕ್ಕಿಂತ ದೊಡ್ಡ ಬಿರುಕು ಇರುವುದು ಸಾಮಾನ್ಯ. ಕಣ್ಣಿಗೆ ಎರಡೂ ಅಂಟಿಕೊಂಡಂತೆ ಕಾಣುತ್ತವೆ, ಗಣಿತಕ್ಕೆ ಅಂಟಿಲ್ಲ. ಬೋಲ್ಟಿನ ವ್ಯಾಸ ಮತ್ತು ರಂಧ್ರದ ವ್ಯಾಸ ಕರಾರುವಾಕ್ಕಾಗಿ ಒಂದೇ ಆಗಿದ್ದರೂ ಕಷ್ಟವೇ. ಎರಡು ಮೇಲ್ಮೈಗಳು ಒಂದರ ಮೇಲೊಂದು ಪೂರ್ತಿ ಕೂತಾಗ ಯಾವುದು ಒಳಗೆ, ಯಾವುದು ಹೊರಗೆ ಎಂದು ತೀರ್ಮಾನಿಸುವ ಲೆಕ್ಕ ತಡವರಿಸುತ್ತದೆ.

ಇಂಥ ಕಡೆ ಒಳ್ಳೆಯ ಸಾಫ್ಟ್‌ವೇರ್ "ಈ ಭಾಗ ನನ್ನಿಂದಾಗದು" ಎಂದು ಹೇಳಿ ನಿಲ್ಲಬೇಕು. ಹೇಳದೆ ಮುಚ್ಚಿಹೋದರೆ ಅದು ಸಾಫ್ಟ್‌ವೇರಿನ ದೋಷವೇ. ನಿಮ್ಮ ಫೈಲಿನಲ್ಲಿ ಕೊರತೆ ಇದ್ದರೂ ಆ ಮಾತು ಬದಲಾಗುವುದಿಲ್ಲ. ಕ್ರ್ಯಾಶ್ ವರದಿ ಕಳಿಸಲೇ ಎಂದು ಅದು ಕೇಳಿದಾಗ ಕಳಿಸಿ.

ಫಾರ್ವರ್ಡ್‌ನ ನಾಲ್ಕು ಮಾತುಗಳು

ಹೇಳಿಕೆ 1: ರ‍್ಯಾಮ್ ಹೆಚ್ಚಿಸಿ. ಅರ್ಧ ಸತ್ಯ.

ಮೆಮೊರಿ ಸಾಲದೆ ಕ್ರ್ಯಾಶ್ ಆಗುವುದುಂಟು. ಆದರೆ ದುಡ್ಡು ಕೊಡುವ ಮೊದಲು ನೋಡಲು ಖರ್ಚಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಮೆಮೊರಿ ಪುಟವನ್ನು ಪಕ್ಕದಲ್ಲಿಟ್ಟು, ಹಗುರ ಮಾಡುವ ಕೆಲಸ ಆರಂಭಿಸಿ. ಕ್ರ್ಯಾಶ್ ಆಗುವ ಕ್ಷಣದಲ್ಲಿ ಮೆಮೊರಿ ತುದಿ ಮುಟ್ಟಿದ್ದರೆ ರ‍್ಯಾಮ್ ಬೇಕು. ಇಲ್ಲದಿದ್ದರೆ ಬೇಡ. ಚಿಕ್ಕಮ್ಮನ ಮಗನ ಯಂತ್ರದಲ್ಲಿ ನಾವು ನೋಡಿದಾಗ 32ರಲ್ಲಿ ಬಳಕೆಯಾಗಿದ್ದು 11 ಜಿಬಿ. ಹಳೆಯ 16 ಜಿಬಿಯೇ ಸಾಕಿತ್ತು.

ರ‍್ಯಾಮ್ ಖಾಲಿ ಇದ್ದೂ ಬೀಳುವುದಕ್ಕೆ ಕಡಿಮೆ ಜನರಿಗೆ ಗೊತ್ತಿರುವ ಒಂದು ಕಾರಣವಿದೆ. ಪರದೆಯ ಮೇಲಿನ ಐಕಾನ್, ಫಾಂಟ್, ಚಿತ್ರಗಳನ್ನು ತೋರಿಸಲು ವಿಂಡೋಸ್ ಪ್ರತಿ ಪ್ರೋಗ್ರಾಮಿಗೆ ಜಿಡಿಐ ಆಬ್ಜೆಕ್ಟ್ ಎಂಬ ಟೋಕನ್‌ಗಳನ್ನು ಕೊಡುತ್ತದೆ. ಸಾಮಾನ್ಯವಾಗಿ ಒಂದು ಪ್ರೋಗ್ರಾಮಿಗೆ 10,000 ಟೋಕನ್ ಮಿತಿ. ಹತ್ತಾರು ಫೈಲ್ ತೆರೆದುಕೊಂಡು ಬೆಳಗಿನಿಂದ ಸಂಜೆವರೆಗೆ ಕೆಲಸ ಮಾಡಿದರೆ ಮಿತಿ ಮುಟ್ಟಬಹುದು. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಜಿಡಿಐ ಆಬ್ಜೆಕ್ಟ್ಸ್ ಎಂಬ ಕಾಲಂ ಸೇರಿಸಿದರೆ ಸಂಖ್ಯೆ ಕಾಣುತ್ತದೆ. ಅದು ಹತ್ತು ಸಾವಿರದ ಹತ್ತಿರ ಇದ್ದರೆ ಸಾಫ್ಟ್‌ವೇರನ್ನು ಮುಚ್ಚಿ, ಮತ್ತೆ ತೆರೆದು, ಬೇರೇನೂ ತೆರೆಯದೆ ಪ್ರಯತ್ನಿಸಿ.

ಹೇಳಿಕೆ 2: ಪೇಜ್ ಫೈಲ್ ಆಫ್ ಮಾಡಿ. ತಪ್ಪು.

ಪೇಜ್ ಫೈಲ್ ಎಂದರೆ ರ‍್ಯಾಮ್‌ಗೆ ಬೆಂಬಲವಾಗಿ ಡಿಸ್ಕಿನಲ್ಲಿ ಕಾದಿರಿಸಿದ ಜಾಗ. ಪ್ರೋಗ್ರಾಮುಗಳಿಗೆ ಒಟ್ಟು ಎಷ್ಟು ಮೆಮೊರಿಯ ಭರವಸೆ ಕೊಡಬಹುದು ಎಂಬುದನ್ನು ವಿಂಡೋಸ್ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಅದನ್ನು ಆಫ್ ಮಾಡಿದರೆ ಆ ಮಿತಿ ಕುಗ್ಗುತ್ತದೆ. ಆಗ ರ‍್ಯಾಮ್‌ನಲ್ಲಿ ಜಾಗ ಉಳಿದಿರುವಾಗಲೇ "ಮೆಮೊರಿ ಇಲ್ಲ" ಎಂಬ ಉತ್ತರ ಬಂದು ಪ್ರೋಗ್ರಾಮ್ ಬೀಳಬಹುದು. ಕ್ರ್ಯಾಶ್ ತಪ್ಪಿಸಲು ಹೇಳಿದ ಉಪಾಯವೇ ಕ್ರ್ಯಾಶ್ ತರುತ್ತದೆ. ಅದನ್ನು ವಿಂಡೋಸ್‌ನ ಇಷ್ಟಕ್ಕೇ ಬಿಡಿ, ಡಿಸ್ಕಿನಲ್ಲಿ ಜಾಗ ಖಾಲಿ ಇಡಿ.

ಹೇಳಿಕೆ 3: ಟೆಂಪ್ ಫೈಲ್ ಅಳಿಸಿ. ಸ್ವಲ್ಪ ಉಪಯೋಗವಿದೆ.

ಡಿಸ್ಕ್ ತುಂಬಿ ತುಳುಕುತ್ತಿದ್ದರೆ ಮಾತ್ರ ಇದರಿಂದ ಪ್ರಯೋಜನ. ಆದರೆ ಹಿಂದಿನ ಕ್ರ್ಯಾಶ್‌ನಲ್ಲಿ ಸಾಫ್ಟ್‌ವೇರ್ ತಾನಾಗಿ ಉಳಿಸಿದ ಪ್ರತಿ ಅಲ್ಲಿಯೇ ಎಲ್ಲೋ ಇರಬಹುದು. ಅದನ್ನು ಬೇರೆಡೆ ಇಟ್ಟುಕೊಂಡ ಮೇಲೆ ಅಳಿಸಿ.

ಹೇಳಿಕೆ 4: ಆಂಟಿವೈರಸ್ ತೆಗೆದು ಡಿಎಲ್‌ಎಲ್ ಪೇಸ್ಟ್ ಮಾಡಿ. ಖಂಡಿತ ಬೇಡ.

ಡಿಎಲ್‌ಎಲ್ ಎಂಬುದು ಪ್ರೋಗ್ರಾಮಿನದೇ ಒಂದು ಅಂಗ. ಗುರುತಿಲ್ಲದ ಲಿಂಕ್‌ನಿಂದ ತಂದ ಅಂಗವನ್ನು, ಅದೂ ಕಾವಲುಗಾರನನ್ನು ಮನೆಗೆ ಕಳಿಸಿ, ಜೋಡಿಸಿದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು. ಆಫೀಸಿನ ವಿನ್ಯಾಸಗಳು, ಬ್ಯಾಂಕ್ ಪಾಸ್‌ವರ್ಡ್ ಎಲ್ಲವೂ ಅದರ ಕೈಗೆ ಸಿಗುತ್ತವೆ. ಡಿಎಲ್‌ಎಲ್ ನಿಜವಾಗಿಯೂ ಕೆಟ್ಟಿದ್ದರೆ ಸಾಫ್ಟ್‌ವೇರಿನ ಇನ್‌ಸ್ಟಾಲರ್‌ನಲ್ಲೇ ರಿಪೇರಿ ಆಯ್ಕೆ ಇರುತ್ತದೆ. ಈಗಾಗಲೇ ಪೇಸ್ಟ್ ಮಾಡಿ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೊದಲು ಕೇಳಿಕೊಳ್ಳಿ: ಇದು ಕ್ರ್ಯಾಶೇ?

ಕಿಟಕಿ ಐದು ಸೆಕೆಂಡ್ ಸ್ಪಂದಿಸದಿದ್ದರೆ ಸಾಕು, ವಿಂಡೋಸ್ ಅದಕ್ಕೆ "ನಾಟ್ ರೆಸ್ಪಾಂಡಿಂಗ್" ಎಂಬ ಹಣೆಪಟ್ಟಿ ಕಟ್ಟುತ್ತದೆ. ಅದು ಸಾವಿನ ಸುದ್ದಿಯಲ್ಲ, ಕೆಲಸದಲ್ಲಿ ಮುಳುಗಿದೆ ಎಂದೂ ಅರ್ಥವಿರಬಹುದು. ಜ್ಯಾಮಿತಿಯ ಲೆಕ್ಕದಲ್ಲಿ ಒಂದು ಹೆಜ್ಜೆ ಮುಗಿಯದೆ ಮುಂದಿನದು ಆರಂಭವಾಗದು. ಆದ್ದರಿಂದ ಬಹುಪಾಲು ಕೆಲಸ ಪ್ರೊಸೆಸರಿನ ಒಂದೇ ಎಳೆಯ ಮೇಲೆ ನಡೆಯುತ್ತದೆ. 16 ಎಳೆಗಳ ಪ್ರೊಸೆಸರಿನಲ್ಲಿ ಒಂದು ಎಳೆ ಬೆವರು ಸುರಿಸಿ ದುಡಿಯುತ್ತಿದ್ದರೂ ಟಾಸ್ಕ್ ಮ್ಯಾನೇಜರ್ ತೋರಿಸುವುದು ಸುಮಾರು 6% ಮಾತ್ರ. ಆರು ಪರ್ಸೆಂಟ್ ನೋಡಿ ಸತ್ತೇಹೋಯಿತು ಎಂದು ಎಂಡ್ ಟಾಸ್ಕ್ ಒತ್ತಬೇಡಿ. ಒಮ್ಮೆ ರಾತ್ರಿ ಊಟಕ್ಕೆ ಹೋಗುವಾಗ ಓಡಲು ಬಿಟ್ಟು ನೋಡಿ.

ಕಿಟಕಿಯೇ ಮಾಯವಾದರೆ ಅದು ನಿಜವಾದ ಕ್ರ್ಯಾಶ್. ಆಗ ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಹಿಸ್ಟರಿ ಎಂದು ಹುಡುಕಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಫೈಲಿನೊಳಗೆ ಪ್ರೋಗ್ರಾಮ್ ಬಿತ್ತು ಎಂಬ ದಾಖಲೆ ಅಲ್ಲಿರುತ್ತದೆ. ಬಿದ್ದ ಫೈಲಿನ ಹೆಸರು ಎನ್‌ವಿ ಅಕ್ಷರಗಳಿಂದ ಆರಂಭವಾಗಿದ್ದರೆ ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಬಹುದು. ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನೇ ಮರುಚಾಲನೆ ಮಾಡುತ್ತದೆ. ಆ ಹೊಡೆತಕ್ಕೂ ಕ್ಯಾಡ್ ಬೀಳಬಹುದು. ಖಚಿತ ಮಾಡಿಕೊಳ್ಳಲು ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಬಳಸದ ಆಯ್ಕೆ ಮಾಡಿ ಮತ್ತೆ ಓಡಿಸಿ. ಈಗ ಬೀಳದಿದ್ದರೆ ಡ್ರೈವರ್ ಬದಲಿಸಿ. ಆಗಲೂ ಅದೇ ಜಾಗದಲ್ಲಿ ಬಿದ್ದರೆ ಫೈಲಿನೊಳಗೆ ಹುಡುಕಬೇಕು.

ಕಾಯಿಲೆಯ ಭಾಗ ಹುಡುಕುವ ಅರ್ಧರ್ಧ ಉಪಾಯ

4,000 ಭಾಗಗಳಲ್ಲಿ ಕೆಟ್ಟದ್ದು ಯಾವುದು? ಒಂದೊಂದಾಗಿ ಪರೀಕ್ಷಿಸಿದರೆ, ಪರೀಕ್ಷೆಗೆ 15 ನಿಮಿಷದಂತೆ, 1,000 ಗಂಟೆ ಬೇಕು. ರಾತ್ರಿ ಹಗಲು ಕೂತರೂ ನಲವತ್ತೊಂದು ದಿನ ದಾಟುತ್ತದೆ. ಅರ್ಧರ್ಧ ಮಾಡಿದರೆ 12 ಪರೀಕ್ಷೆ ಸಾಕು. ಎರಡನ್ನು ಹನ್ನೆರಡು ಸಲ ಗುಣಿಸಿದರೆ 4,096 ಆಗುತ್ತದೆ ಎಂಬುದೇ ಇದರ ಗುಟ್ಟು. ಹೆಜ್ಜೆಹೆಜ್ಜೆಗೆ ಫೈಲ್ ಚಿಕ್ಕದಾಗುವುದರಿಂದ ಸಮಯವೂ ಇಳಿಯುತ್ತದೆ.

ಮೂಲ ಫೈಲಿನ ನಕಲು ಮಾಡಿಕೊಳ್ಳಿ. ಅರ್ಧ ಭಾಗಗಳನ್ನು ಸಪ್ರೆಸ್ ಮಾಡಿ, ಉಳಿದರ್ಧವನ್ನು ಹಗುರ ಮಾಡಲು ನೋಡಿ. ನಂತರ ಇನ್ನೊಂದರ್ಧ. ಫಲಿತಾಂಶ ಮೂರು ಬಗೆ:

ಒಂದು ಅರ್ಧ ಮಾತ್ರ ಬಿದ್ದರೆ, ದೋಷ ಅದರಲ್ಲಿದೆ. ಅದನ್ನು ಮತ್ತೆ ಎರಡು ಮಾಡಿ.

ಎರಡೂ ಬಿದ್ದರೆ, ಎರಡರಲ್ಲೂ ಇರುವ ಒಂದೇ ಭಾಗದ ಮೇಲೆ ಅನುಮಾನ ಪಡಿ. ಯಾವುದಾದರೂ ಒಂದು ಅರ್ಧವನ್ನು ಹಿಡಿದು ಮುಂದುವರಿಯಿರಿ.

ಎರಡೂ ಬೀಳದಿದ್ದರೆ, ಬಿಡಿಭಾಗಗಳಲ್ಲಿ ದೋಷವಿಲ್ಲ. ಒಟ್ಟು ಭಾರ ಹೆಚ್ಚಾಗಿದೆ, ಇಲ್ಲವೇ ಎರಡು ಅರ್ಧಗಳು ಸೇರುವ ಜಾಗದಲ್ಲಿ ತಕರಾರಿದೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ನಾವಿಬ್ಬರೂ ಕೂತೆವು. ಮೊದಲ ಪರೀಕ್ಷೆಯಲ್ಲೇ ಎರಡೂ ಅರ್ಧ ಬಿದ್ದವು. "ಮುಗೀತು ಬಿಡಕ್ಕ, ಕೆಲ್ಸ ಹೋಯ್ತು" ಎಂದ. ಆದರೆ ಅದೇ ಒಳ್ಳೆಯ ಸುಳಿವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಗೇರ್ ಮೋಟಾರ್ ಸಿಕ್ಕಿತು. ಅಂತರ್ಜಾಲದಿಂದ ಇಳಿಸಿಕೊಂಡ ಮಾಡೆಲ್ ಅದು, ಕನ್ವೇಯರ್ ಉದ್ದಕ್ಕೂ ಆರು ಕಡೆ ಕೂತಿತ್ತು. ಸಾಫ್ಟ್‌ವೇರಿನ ತಪಾಸಣಾ ಸಾಧನ ಓಡಿಸಿದರೆ ಅದರ ಮೂರು ಮೇಲ್ಮೈಗಳು ಕೆಟ್ಟಿವೆ ಎಂದಿತು. ಮೋಟಾರ್ ಬದಲಿಗೆ ಒಂದು ಸರಳ ಪೆಟ್ಟಿಗೆ, ಒಂದು ಶಾಫ್ಟ್, ನಾಲ್ಕು ಬೋಲ್ಟ್ ರಂಧ್ರ ಬಿಡಿಸಿ ಕೂರಿಸಿದ. ಮತ್ತೆ ಬಟನ್ ಒತ್ತಿದ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಬೀಳದಂತೆ ಹಗುರ ಮಾಡುವ ಕ್ರಮ

1. ಫೈಲುಗಳನ್ನು ನೆಟ್‌ವರ್ಕ್ ಡ್ರೈವ್ ಅಥವಾ ಕ್ಲೌಡ್‌ಗೆ ಸಿಂಕ್ ಆಗುವ ಫೋಲ್ಡರಿನಿಂದ ನಿಮ್ಮ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಫೋಲ್ಡರಿನೊಳಗೆ ಫೋಲ್ಡರ್ ಮಾಡಿ ವಿಳಾಸ ಉದ್ದವಾಗದಿರಲಿ. ವಿಂಡೋಸ್‌ನ ಹಳೆಯ 260 ಅಕ್ಷರಗಳ ಮಿತಿ ಇಂದಿಗೂ ಹಲವು ಪ್ರೋಗ್ರಾಮುಗಳನ್ನು ಕಾಡುತ್ತದೆ.

2. ನಟ್, ಬೋಲ್ಟ್, ವಾಷರುಗಳನ್ನು ಮೊದಲೇ ಸಪ್ರೆಸ್ ಮಾಡಿ. ಬೋಲ್ಟಿನ ಮರೆಯನ್ನು ಸುರುಳಿಯಾಗಿ ನಿಜಕ್ಕೂ ಕೊರೆದಿದ್ದರೆ ಅದೊಂದೇ ಸಾಕು ಫೈಲ್ ಉಬ್ಬಿಸಲು.

3. ಹೊರಗಿನಿಂದ ತಂದ ಮೋಟಾರ್, ಬೇರಿಂಗ್, ಸಿಲಿಂಡರ್ ಮಾಡೆಲ್‌ಗಳನ್ನು ಅಸೆಂಬ್ಲಿಗೆ ಸೇರಿಸುವ ಮೊದಲೇ ತಪಾಸಣೆ ಮಾಡಿ, ಅಲ್ಲೇ ಹಗುರ ಮಾಡಿ.

4. ಇಡೀ ಯಂತ್ರವನ್ನು ಒಂದೇ ಏಟಿಗೆ ಹಗುರ ಮಾಡಬೇಡಿ. ಒಂದೊಂದು ಉಪ ಅಸೆಂಬ್ಲಿಯನ್ನು ಹಗುರ ಮಾಡಿ, ಕೊನೆಗೆ ಜೋಡಿಸಿ.

5. ಎಲ್ಲವನ್ನೂ ಬೆಸೆದು ಒಂದೇ ಘನವಸ್ತು ಮಾಡುವ ಆಯ್ಕೆ ನಿಜಕ್ಕೂ ಬೇಕೇ ಎಂದು ಗ್ರಾಹಕರನ್ನು ಕೇಳಿ. ಬೇರೆಬೇರೆ ಘನವಸ್ತುಗಳಾಗಿಯೇ ಬಿಟ್ಟರೆ ಕಷ್ಟದ ಬೆಸುಗೆ ಲೆಕ್ಕವೇ ತಪ್ಪುತ್ತದೆ.

6. ಎರಡೂ ಕಡೆ ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ ಎಂದು ಮೊದಲೇ ಕೇಳಿಕೊಳ್ಳಿ. ಇದು ಸಣ್ಣ ವಿಷಯವಲ್ಲ. ಏರ್‌ಬಸ್ ಎ380 ವಿಮಾನದಲ್ಲಿ ಜರ್ಮನಿಯ ಹ್ಯಾಂಬರ್ಗ್ ಮತ್ತು ಫ್ರಾನ್ಸಿನ ಟುಲೂಸ್ ತಂಡಗಳು ಒಂದೇ ಸಾಫ್ಟ್‌ವೇರಿನ ಬೇರೆ ಬೇರೆ ಆವೃತ್ತಿ ಬಳಸಿದವು. ಹ್ಯಾಂಬರ್ಗ್‌ನಿಂದ ಬಂದ ವೈರುಗಳ ಕಟ್ಟು ಟುಲೂಸ್‌ನಲ್ಲಿ ಕೂರಲಿಲ್ಲ. 2006ರಲ್ಲಿ ಬಯಲಾದ ಆ ಎಡವಟ್ಟು ವಿಮಾನ ತಡವಾಗಲು ಪ್ರಮುಖ ಕಾರಣಗಳಲ್ಲಿ ಒಂದಾಯಿತು.

ಮುಗಿದ ಮೇಲೂ ಒಂದು ಕೆಲಸವಿದೆ

ಫೈಲ್ ಹಗುರವಾಯಿತು, ಕಳಿಸೋಣ ಎಂದು ಅವನು ಮೇಲ್ ತೆರೆದ. ತೂಕ ನೋಡೋಣ ತಡಿ ಎಂದೆ. ಯಂತ್ರದ ತೂಕ ಸುಮಾರು 400 ಕಿಲೋ ಏರಿತ್ತು!

ಕಾರಣ ಅದೇ ಮೋಟಾರ್. ಅವನು ಬಿಡಿಸಿದ ಪೆಟ್ಟಿಗೆಯ ಅಳತೆ 300, 200, 200 ಮಿಲಿಮೀಟರ್. ಅಂದರೆ 12,000 ಘನ ಸೆಂಟಿಮೀಟರ್. ಒಂದು ಘನ ಸೆಂಟಿಮೀಟರ್ ಉಕ್ಕು 7.85 ಗ್ರಾಂ ತೂಗುತ್ತದೆ. ಗುಣಿಸಿದರೆ ಒಂದು ಪೆಟ್ಟಿಗೆ 94 ಕಿಲೋ. ನಿಜವಾದ ಮೋಟಾರ್ 28 ಕಿಲೋ. ವ್ಯತ್ಯಾಸ 66, ಆರು ಮೋಟಾರಿಗೆ 396 ಕಿಲೋ. ಒಳಗೆ ಪೊಳ್ಳಿದ್ದ ವಸ್ತುವನ್ನು ಗಟ್ಟಿ ಉಕ್ಕು ಮಾಡಿಬಿಟ್ಟಿದ್ದ.

ಈ ಸಲ ತೂಕ ಹೆಚ್ಚಾಯಿತು. ಒಳಗಿನ ಭಾಗಗಳನ್ನು ತೆಗೆದು ಬರೀ ಸಿಪ್ಪೆ ಉಳಿಸಿದರೆ ತೂಕ ಕಡಿಮೆಯಾಗುತ್ತದೆ. ಅದು ಇನ್ನೂ ಕೆಟ್ಟದ್ದು. ಆ ಸಂಖ್ಯೆ ನಂಬಿ ಯಾರೋ ಚಿಕ್ಕ ಕ್ರೇನ್ ತರಿಸುತ್ತಾರೆ, ಕೆಳಗೆ ಮನುಷ್ಯರು ನಿಂತಿರುತ್ತಾರೆ. ಕ್ರ್ಯಾಶ್ ಆದರೆ ಹೋಗುವುದು ಒಂದು ದಿನದ ಕೆಲಸ. ಸದ್ದಿಲ್ಲದೆ ತಪ್ಪಾದ ಫೈಲಿನಿಂದ ಹೋಗುವುದು ಅದಕ್ಕಿಂತ ದೊಡ್ಡದು.

ಆದ್ದರಿಂದ ಕಳಿಸುವ ಮೊದಲು ಮೂಲವನ್ನೂ ಹಗುರ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ನಾಲ್ಕು ವಿಷಯ ನೋಡಿ: ಒಟ್ಟು ಉದ್ದ, ಅಗಲ, ಎತ್ತರ. ನೆಲಕ್ಕೆ ಬಿಗಿಯುವ ರಂಧ್ರಗಳ ಜಾಗ. ಚಲಿಸುವ ಭಾಗಗಳಿಗೆ ಬೇಕಾದ ಖಾಲಿ ಜಾಗ. ತೂಕ ಮತ್ತು ಗುರುತ್ವಕೇಂದ್ರ. ತೂಕ ತಾಳೆಯಾಗದಿದ್ದರೆ ಮೂಲ ಮಾಡೆಲ್‌ನ ಸಂಖ್ಯೆಯನ್ನು ಕೈಯಿಂದ ನಮೂದಿಸುವ ಸೌಲಭ್ಯ ಬಹುತೇಕ ಸಾಫ್ಟ್‌ವೇರುಗಳಲ್ಲಿದೆ. ಚಿಕ್ಕಮ್ಮನ ಮಗ ಮಾಡಿದ್ದೂ ಅದನ್ನೇ. ಫೈಲ್ ಸೋಮವಾರ ಬೆಳಗ್ಗೆ ಹೋಯಿತು.

ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಹಳೆಯದನ್ನು ಬಿಟ್ಟು ಇದನ್ನು ಮಾಡಿ: ರ‍್ಯಾಮ್ ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರ್ ನೋಡಿ. ಪೇಜ್ ಫೈಲ್ ಮುಟ್ಟಬೇಡಿ. ಗುರುತಿಲ್ಲದ ಡಿಎಲ್‌ಎಲ್ ಇಳಿಸಬೇಡಿ. ಅರ್ಧರ್ಧ ಮಾಡಿ ದೋಷದ ಭಾಗ ಹುಡುಕಿ. ಕಳಿಸುವ ಮೊದಲು ತೂಕ ನೋಡಿ.